ಡಾಕ್ಟರರ ನಂಬರ್ ಹಚ್ಚುವ ಮೊದಲು

ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಯ ಕೌಂಟರಿನ ಮೇಲೆ ಉದ್ದನೆಯ ರಿಜಿಸ್ಟರ್ ಒಂದಿದೆ. ಮೂಲೆಗಳು ಮಡಚಿ ಕಪ್ಪಾಗಿವೆ. ಬಾಲ್‌ಪೆನ್ನನ್ನು ಬಿಳಿ ದಾರದಿಂದ ಅದರ ಬೆನ್ನಿಗೇ ಕಟ್ಟಿದ್ದಾರೆ. ಪುಟದ ಎಡ ಅಂಚಿನಲ್ಲಿ ಒಂದರಿಂದ ಅರವತ್ತರವರೆಗೆ ಅಂಕಿಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಆ ಅಂಕಿಯ ಮುಂದೆ ಹೆಸರು ಬರೆಸಿ ಪಾಳಿ ಹಿಡಿಯುವುದಕ್ಕೇ ನಮ್ಮ ಕಡೆ ನಂಬರ್ ಹಚ್ಚುವುದು ಎನ್ನುತ್ತಾರೆ. ನಾಲ್ಕು ವರ್ಷಗಳ ಹಿಂದೆ ಗದಗಿನಿಂದ ಅವ್ವನನ್ನು ಮೊದಲ ಸಲ ಅಲ್ಲಿಗೆ ಕರೆದುಕೊಂಡು ಹೋದಾಗ ನಮಗೆ ಸಿಕ್ಕದ್ದು ನಲವತ್ತೇಳನೇ ಸಾಲು. ಎದುರಿಗಿನವರ ಕಾಗದವನ್ನು ತಲೆಕೆಳಗಾಗಿ ಓದುವ ಕೆಟ್ಟ ಚಾಳಿ ನನಗಿದೆ. ಓದಿದೆ. ಮೊದಲ ಎಂಟು ಸಾಲುಗಳಲ್ಲಿ ಹೆಸರೇ ಇರಲಿಲ್ಲ.

ಬೆಳಗಿನ ರೈಲು ಹಿಡಿದು ಒಂಬತ್ತಕ್ಕೆಲ್ಲ ಹೋಗಿ ಕೂತಿದ್ದೆವು. ಡಾಕ್ಟರರು ಓಟಿಯಿಂದ (ಆಪರೇಷನ್ ಕೋಣೆಯಿಂದ) ಬಂದು ಕುರ್ಚಿಯಲ್ಲಿ ಕೂತದ್ದು ಮಧ್ಯಾಹ್ನ ಒಂದೂವರೆಗೆ. ನಮ್ಮ ಪಾಳಿ ಬಂದದ್ದು ಸಂಜೆ ಐದು ದಾಟಿದ ಮೇಲೆ. ಒಳಗೆ ಇದ್ದದ್ದು ನಾಲ್ಕು ನಿಮಿಷ. ಅದರಲ್ಲಿ ಒಂದು ನಿಮಿಷ ‘ಹಳೆಯ ಎಕ್ಸ್‌ರೇ ಎಲ್ಲಿ?’ ಎಂಬ ಪ್ರಶ್ನೆಗೆ ಹೋಯಿತು. ಎಕ್ಸ್‌ರೇ ಗದಗಿನ ಮನೆಯಲ್ಲಿ, ಟ್ರಂಕಿನ ಮೇಲೆ, ಮದುವೆ ಆಮಂತ್ರಣಗಳ ಕೆಳಗೆ ಇತ್ತು. ಬರುವ ವಾರ ತೆಗೆದುಕೊಂಡು ಬನ್ನಿ ಎಂದರು.

ಆಮೇಲೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಅವ್ವನ ಮೊಣಕಾಲು, ಸಕ್ಕರೆ, ಕಣ್ಣು, ಅತ್ತೆಯ ತಲೆಸುತ್ತು, ಪಕ್ಕದ ಮನೆಯವರ ಥೈರಾಯ್ಡ್. ಈಗ ನಮ್ಮ ಓಣಿಯವರು ಹುಬ್ಬಳ್ಳಿಗೆ ಹೊರಡುವ ಮೊದಲು ನನ್ನನ್ನು ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುವುದನ್ನೇ ಇಲ್ಲಿ ಒಂದೆಡೆ ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ನಂಬರ್ ಸಿಗದೆ ಹಾಳಾದ ದಿನಗಳು ಕಡಿಮೆ. ನಂಬರ್ ಸಿಕ್ಕ ಮೇಲೂ ತಪ್ಪು ವಾರ, ತಪ್ಪು ಡಾಕ್ಟರು, ಮರೆತ ಕಾಗದ ಇವುಗಳಿಂದ ಹಾಳಾದ ದಿನಗಳೇ ಹೆಚ್ಚು.

ನಂಬರ್ ಹಚ್ಚಲೇಬಾರದ ಕಾಯಿಲೆಗಳು

ಎದೆ ಹಿಂಡಿದಂತಾಗಿ ನೋವು ಕೈಗೋ ದವಡೆಗೋ ಹರಡಿ ಬೆವರು ಕಿತ್ತುಬಂದರೆ, ಬಾಯಿ ಒಂದು ಕಡೆ ಸೊಟ್ಟಗಾಗಿ ಮಾತು ತೊದಲಿ ಒಂದು ಕೈ ಮೇಲೇಳದಿದ್ದರೆ, ಹಾವು ಕಚ್ಚಿದರೆ, ಬಸುರಿಗೆ ರಕ್ತ ಹೋಗತೊಡಗಿದರೆ, ಮಗುವಿಗೆ ಜ್ವರದಲ್ಲಿ ಫಿಟ್ಸ್ ಬಂದರೆ, ಇದ್ದಕ್ಕಿದ್ದಂತೆ ಒಂದು ಕಣ್ಣು ಕಾಣದಾದರೆ ಯಾವ ಡಾಕ್ಟರರ ನಂಬರೂ ಬೇಡ. 108ಕ್ಕೆ ಫೋನ್ ಮಾಡಿ. ಅದು ತಡವಾಗುವಂತಿದ್ದರೆ ಕೈಗೆ ಸಿಕ್ಕ ವಾಹನದಲ್ಲಿ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಕ್ಯಾಜುವಾಲ್ಟಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ.

ನಮ್ಮ ಕಡೆ ನಡೆಯುವ ದೊಡ್ಡ ತಪ್ಪು ಎಂದರೆ ‘ನಮ್ಮ ಡಾಕ್ಟರರೇ ನೋಡಲಿ’ ಎಂಬ ಹಟ. ಮುಂಡರಗಿ ಕಡೆಯವರು ಎದೆನೋವಿನವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಾಲ್ಲೂಕು ಆಸ್ಪತ್ರೆಯನ್ನೂ ಗದಗನ್ನೂ ದಾಟಿ ನೇರ ಹುಬ್ಬಳ್ಳಿಗೆ ಓಡಿಸುತ್ತಾರೆ. ಪುನೀತ್ ರಾಜಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹುಬ್ಬಳ್ಳಿಗೆ ಹೋಗುವುದಿದ್ದರೆ ಅದಾದ ಮೇಲೆ ಹೋಗಬಹುದು. ಪಾರ್ಶ್ವವಾಯುವಿಗೂ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ, ಸಿಟಿ ಸ್ಕ್ಯಾನ್ ಆದ ಮೇಲೆ ಕೊಡಬೇಕು. ಆದ್ದರಿಂದ ಶುರುವಾದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ಹಾವು ಕಚ್ಚಿದಾಗ ಬಿಗಿಯಾಗಿ ಹಗ್ಗ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು ಬೇಡ. ಕೈಯೋ ಕಾಲೋ ಅಲುಗದಂತೆ ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಮಂತ್ರ ಹಾಕುವವರ ಮನೆ ದಾರಿಯಲ್ಲೇ ಇದ್ದರೂ ಗಾಡಿ ನಿಲ್ಲಿಸಬೇಡಿ.

ಯಾರಿಗೆ ತೋರಿಸುವುದು

ನಂಬರ್ ಹಚ್ಚುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದೇ ಇಲ್ಲ. ‘ಹುಬ್ಬಳ್ಳಿಯಲ್ಲಿ ಒಳ್ಳೆಯ ಡಾಕ್ಟರು ಯಾರು?’ ಎಂದು ಕೇಳುತ್ತಾರೆ. ಯಾತಕ್ಕೆ ಒಳ್ಳೆಯವರು ಎಂದು ಕೇಳಿದರೆ ಉತ್ತರವಿಲ್ಲ.

ಅಣ್ಣಿಗೇರಿಯ ನನ್ನ ಸೋದರತ್ತೆಗೆ ಕಳೆದ ವರ್ಷ ತಲೆಸುತ್ತು ಶುರುವಾಯಿತು. ತಲೆ ಎಂದ ಮೇಲೆ ಮೆದುಳಿನ ಡಾಕ್ಟರೇ ಬೇಕು ಎಂದು ಅವರ ಮಗ ತೀರ್ಮಾನಿಸಿ ಹುಬ್ಬಳ್ಳಿಗೆ ಫೋನ್ ಹಚ್ಚಿದ. ಹತ್ತೊಂಬತ್ತು ದಿನ ಬಿಟ್ಟು ಬನ್ನಿ ಎಂದರು. ಅಲ್ಲಿಯವರೆಗೆ ಮಲಗಿದಲ್ಲಿಂದ ಏಳುವುದು ಹೇಗೆ? ಬೇರೆ ದಾರಿಯಿಲ್ಲದೆ ಊರಿನ ಎಂಬಿಬಿಎಸ್ ಡಾಕ್ಟರರಿಗೆ ತೋರಿಸಿದರು. ಅವರು ಕೇಳಿದ್ದು ಒಂದೇ: ‘ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ತಿರುಗುತ್ತದೆಯೋ, ಸುಮ್ಮನೆ ಕೂತಾಗಲೂ ತಿರುಗುತ್ತದೆಯೋ?’ ಮಗ್ಗುಲು ಬದಲಿಸಿದಾಗ ಎಂದರು ಅತ್ತೆ. ಕಿವಿ, ಮೂಗು, ಗಂಟಲಿನ ಡಾಕ್ಟರರಿಗೆ ಎರಡು ಸಾಲಿನ ಚೀಟಿ ಬರೆದುಕೊಟ್ಟರು. ಮರುದಿನವೇ ನಂಬರ್ ಸಿಕ್ಕಿತು. ಆ ಡಾಕ್ಟರರು ಅತ್ತೆಯನ್ನು ಮೇಜಿನ ಮೇಲೆ ಮಲಗಿಸಿ ತಲೆಯನ್ನು ಒಂದು ಕ್ರಮದಲ್ಲಿ ಆ ಕಡೆ ಈ ಕಡೆ ಹೊರಳಿಸಿದರು, ಐದು ನಿಮಿಷ. ಕಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿದ್ದವಂತೆ. ಹತ್ತೊಂಬತ್ತನೇ ದಿನ ಅತ್ತೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. (ತಲೆಸುತ್ತಿನ ಜೊತೆ ಮಾತು ತೊದಲುವುದು, ಎರಡೆರಡು ಕಾಣುವುದು, ನಡೆಯಲು ಆಗದಿರುವುದು ಇದ್ದರೆ ಆ ಕಥೆ ಬೇರೆ. ಅದು ಮೇಲಿನ ಪಟ್ಟಿಗೆ ಸೇರುತ್ತದೆ.)

ಆದ್ದರಿಂದ ಮೊದಲು ಹತ್ತಿರದವರಿಗೆ ತೋರಿಸಿ. ಹಳ್ಳಿಯಲ್ಲಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ಪಟ್ಟಣದಲ್ಲಿದ್ದರೆ ನಿಮ್ಮ ಓಣಿಯ ಹಳೆಯ ಡಾಕ್ಟರು ಅಥವಾ ‘ನಮ್ಮ ಕ್ಲಿನಿಕ್’ ಎಂಬ ಸರಕಾರಿ ದವಾಖಾನೆ. ರಾಜ್ಯದ ನಮ್ಮ ಕ್ಲಿನಿಕ್‌ಗಳಿಗೆ ಚಾಲನೆ ಸಿಕ್ಕದ್ದೇ ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ, 2022ರ ಡಿಸೆಂಬರ್‌ನಲ್ಲಿ. ಅಲ್ಲಿ ತಪಾಸಣೆ, ಸಾಮಾನ್ಯ ರಕ್ತ ಪರೀಕ್ಷೆ, ಔಷಧ ಎಲ್ಲವೂ ಉಚಿತ. ಜ್ವರ, ಕೆಮ್ಮು, ಬಿಪಿ, ಸಕ್ಕರೆಗೆ ಇಷ್ಟು ಸಾಕು. ಸಾಲದಿದ್ದರೆ ಚೀಟಿ ಬರೆಸಿಕೊಳ್ಳಿ.

ಆ ಚೀಟಿಯ ಬೆಲೆ ಎಷ್ಟೆಂದು ಬಹಳ ಜನರಿಗೆ ಗೊತ್ತಿಲ್ಲ. ‘ಇಂಥ ಅನುಮಾನವಿದೆ, ಬೇಗ ನೋಡಿ’ ಎಂದು ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರಿಗೆ ಬರೆದರೆ ಕೌಂಟರಿನವರು ಅದನ್ನು ಒಳಗೆ ಒಯ್ದು ತೋರಿಸುತ್ತಾರೆ. ವಶೀಲಿ ನಡೆಯುವುದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಕಾರ್ಪೊರೇಟರರಿಂದ ಹಿಡಿದು ಮಠದವರವರೆಗೆ ಫೋನ್ ಮಾಡಿಸುವವರನ್ನು ನೋಡಿದ್ದೇನೆ. ಆದರೆ ಅದು ಒಂದು ಸಲಕ್ಕೆ ಮಾತ್ರ ನಡೆಯುತ್ತದೆ. ಡಾಕ್ಟರರ ಚೀಟಿ ಪ್ರತಿ ಸಲವೂ ನಡೆಯುತ್ತದೆ, ಯಾರ ಹಂಗೂ ಇರುವುದಿಲ್ಲ.

ಬಿಪಿಎಲ್ ಕಾರ್ಡಿನವರಿಗೆ ಇನ್ನೊಂದು ಕಾರಣವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಸರಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ತುರ್ತು ಅಲ್ಲದ ಆಪರೇಷನ್ನನ್ನು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಬೇಕಾದರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮೊದಲೇ ಖಾಸಗಿಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿ, ಆಪರೇಷನ್ನಿನ ದಿನ ಗೊತ್ತಾದ ಮೇಲೆ ಪತ್ರಕ್ಕಾಗಿ ಜಿಲ್ಲಾ ಆಸ್ಪತ್ರೆಗೆ ಓಡಿದವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ.

ಫೋನಿನಲ್ಲಿ ಏನು ಕೇಳಬೇಕು

‘ನಂಬರ್ ಸಿಗುತ್ತದೆಯೇ?’ ಎಂದು ಕೇಳಿದರೆ ‘ಬನ್ನಿ, ನೋಡೋಣ’ ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಹೊರಟರೆ ನಲವತ್ತೇಳನೇ ಸಾಲು.

ಮೊದಲು ಕೇಳಬೇಕಾದದ್ದು, ನಂಬರ್ ಯಾವಾಗ ಬರೆದುಕೊಳ್ಳುತ್ತೀರಿ ಎಂದು. ಒಂದೊಂದು ದವಾಖಾನೆಗೆ ಒಂದೊಂದು ಪದ್ಧತಿ. ಕೆಲವರು ಹಿಂದಿನ ಸಂಜೆ, ಕೆಲವರು ಅಂದು ಬೆಳಿಗ್ಗೆ ಏಳಕ್ಕೆ, ಕೆಲವರು ವಾರ ಮೊದಲು. ಕೆಲವರು ಫೋನಿನಲ್ಲಿ ಬರೆದುಕೊಳ್ಳುವುದೇ ಇಲ್ಲ, ಯಾರಾದರೂ ಖುದ್ದಾಗಿ ಹೋಗಿ ಹೆಸರು ಹಚ್ಚಬೇಕು. ಹುಬ್ಬಳ್ಳಿಯಲ್ಲಿ ಓದುವ ಅಕ್ಕನ ಮಗನೋ ತಂಗಿಯ ಮಗಳೋ ಇದ್ದರೆ ಇಂಥ ಕೆಲಸಕ್ಕೆ ಬಹಳ ಉಪಯೋಗ. ಅವರಿಗೆ ಒಂದು ಮಿರ್ಚಿ–ಗಿರ್ಮಿಟ್ಟಿನ ಖರ್ಚು ಕೊಟ್ಟರೆ ಸಾಕು.

ಎರಡನೆಯದು, ಅಂದು ಓಟಿ ಇದೆಯೇ. ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರರು ವಾರದಲ್ಲಿ ಕೆಲವು ದಿನ ಬೆಳಿಗ್ಗೆಯೆಲ್ಲ ಓಟಿಯಲ್ಲಿರುತ್ತಾರೆ. ಬೋರ್ಡಿನ ಮೇಲೆ ಹತ್ತು ಗಂಟೆ ಎಂದಿರುತ್ತದೆ. ಬೋರ್ಡು ಬರೆಸಿದ ದಿನ ಅದು ನಿಜವಾಗಿದ್ದಿರಬಹುದು.

ಎಲ್ಲಕ್ಕಿಂತ ಕೆಲಸಕ್ಕೆ ಬರುವ ಪ್ರಶ್ನೆಯನ್ನು ನನಗೆ ಕಲಿಸಿದವರು ಕೌಂಟರಿನಲ್ಲಿ ಆ ರಿಜಿಸ್ಟರ್ ಬರೆಯುವ ಹುಡುಗಿಯೇ: ‘ಕಳೆದ ಬುಧವಾರ ಇಪ್ಪತ್ತನೇ ನಂಬರಿನವರು ಎಷ್ಟು ಗಂಟೆಗೆ ಒಳಗೆ ಹೋದರು?’ ಡಾಕ್ಟರರು ಎಷ್ಟಕ್ಕೆ ಬರುತ್ತಾರೆ ಎಂದರೆ ಅವರು ಬೋರ್ಡು ಓದಿ ಹೇಳುತ್ತಾರೆ. ಹೀಗೆ ಕೇಳಿದರೆ ನೆನಪಿಸಿಕೊಂಡು ನಿಜ ಹೇಳುತ್ತಾರೆ.

ಇನ್ನು ರಿಪೋರ್ಟ್ ತೋರಿಸಲು ಬೇರೆ ನಂಬರ್ ಬೇಕೇ, ಒಂದು ಸಲ ಕಟ್ಟಿದ ಫೀ ಎಷ್ಟು ದಿನ ನಡೆಯುತ್ತದೆ ಎಂಬುದನ್ನೂ ಕೇಳಿಕೊಳ್ಳಿ. ನಿಮ್ಮ ಊರನ್ನೂ ಕೊನೆಯ ಬಸ್ಸಿನ ವೇಳೆಯನ್ನೂ ಹೇಳಿ. ‘ನಾವು ಹಿರೇಕೆರೂರಿನವರು, ನಮಗೆ ಸಂಜೆ ಆರರ ಬಸ್ಸು ತಪ್ಪಿದರೆ ಕಷ್ಟ’ ಎಂದರೆ ಹೆಸರಿನ ಮುಂದೆ ಕಂಸದಲ್ಲಿ ಊರು ಬರೆದುಕೊಳ್ಳುತ್ತಾರೆ. ಕಂಸದೊಳಗಿನವರನ್ನು ನಾಲ್ಕಾರು ನಂಬರ್ ಮುಂದೆ ಬಿಡುವ ಮಂದಿ ಇನ್ನೂ ಇದ್ದಾರೆ.

ಫೋನ್ ಮಾಡುವ ಹೊತ್ತೂ ಮುಖ್ಯ. ಹತ್ತರಿಂದ ಒಂದರವರೆಗೆ ಕೌಂಟರಿನ ಮುಂದೆ ಹತ್ತು ಜನ ನಿಂತಿರುತ್ತಾರೆ, ಎರಡರಿಂದ ಮೂರು ಊಟದ ಹೊತ್ತು. ಮೂರರ ನಂತರ ಮಾಡಿ. ಅವರಿಗೂ ದನಿಯಲ್ಲಿ ಜೀವ ಬಂದಿರುತ್ತದೆ.

ಫೋನ್ ನಂಬರನ್ನು ಹಳೆಯ ಚೀಟಿಯ ಮೇಲಿನಿಂದ ಅಥವಾ ಔಷಧ ಅಂಗಡಿಯವರಿಂದ ತೆಗೆದುಕೊಳ್ಳಿ. ಅಂತರ್ಜಾಲದಲ್ಲಿ ಹುಡುಕಿದರೆ ಆಸ್ಪತ್ರೆಯ ಹೆಸರಿನಲ್ಲಿ ವಂಚಕರು ಹಾಕಿದ ನಂಬರೂ ಸಿಗಬಹುದು. ‘ನಂಬರ್ ಖಾತ್ರಿಪಡಿಸಲು ಹತ್ತು ರೂಪಾಯಿ ಕಳಿಸಿ’ ಎಂದು ಲಿಂಕ್ ಕಳಿಸಿದರೆ, ಯಾವುದೋ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಟ್ಟುಬಿಡಿ. ಹೋಗುವುದು ಹತ್ತೇ ರೂಪಾಯಿ ಅಲ್ಲ, ಖಾತೆಯೇ ಬರಿದಾಗುತ್ತದೆ.

ಪಾಳಿಯ ಲೆಕ್ಕ

ಹೋಗಿ ಕೂತ ಮೇಲೆ ಎಲ್ಲರೂ ಬಾಗಿಲನ್ನೇ ನೋಡುತ್ತಾರೆ. ಬದಲಿಗೆ ಒಂದು ಸಣ್ಣ ಲೆಕ್ಕ ಮಾಡಿ. ಹನ್ನೊಂದಕ್ಕೆ ಒಂಬತ್ತನೇ ನಂಬರ್ ಒಳಗೆ ಹೋಯಿತು, ಹನ್ನೊಂದೂವರೆಗೆ ಹದಿನಾಲ್ಕನೆಯದು ಹೋಯಿತು ಎಂದಿಟ್ಟುಕೊಳ್ಳಿ. ಅಂದರೆ ಗಂಟೆಗೆ ಹತ್ತು ಜನ. ನಿಮ್ಮದು 41 ಆಗಿದ್ದರೆ ಇನ್ನು ಇಪ್ಪತ್ತೇಳು ಜನ, ಅಂದರೆ ಎರಡೂ ಮುಕ್ಕಾಲು ಗಂಟೆ. ಅದಕ್ಕೆ ಅರ್ಧದಷ್ಟು ಸೇರಿಸಿ. ನಡುವೆ ರಿಪೋರ್ಟ್ ತೋರಿಸುವವರು ನುಗ್ಗುತ್ತಾರೆ, ಕಪ್ಪು ಬ್ಯಾಗಿನ ಔಷಧ ಕಂಪನಿ ಪ್ರತಿನಿಧಿಗಳು ನಗುತ್ತ ಒಳಗೆ ಹೋಗುತ್ತಾರೆ, ಊಟ ಇದೆ. ಮೂರೂವರೆಯ ಹೊತ್ತಿಗೆ ನಿಮ್ಮ ಪಾಳಿ. ಇಷ್ಟು ಗೊತ್ತಾದರೆ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೊಟ್ಟು ಹೋಗಿ ಊಟ ಮಾಡಿಕೊಂಡು ಬರಬಹುದು. ಸಕ್ಕರೆ ಕಾಯಿಲೆಯವರನ್ನು ಪಾಳಿ ತಪ್ಪೀತೆಂದು ಹಸಿದು ಕೂರಿಸುವುದು ಅಪಾಯ. ಬೆಳಗಿನ ಗುಳಿಗೆ ನುಂಗಿ ಊಟವಿಲ್ಲದೆ ಕೂತಿದ್ದ ಹಿರಿಯರೊಬ್ಬರು ಬೆಂಚಿನ ಮೇಲೆಯೇ ಬೆವೆತು ಒರಗಿದ್ದನ್ನು ನೋಡಿದ್ದೇನೆ. ಯಾರದೋ ಚೀಲದಲ್ಲಿದ್ದ ಪೇಢೆ ಅಂದು ಕೆಲಸಕ್ಕೆ ಬಂತು. ಧಾರವಾಡದ ದಿಕ್ಕಿನಿಂದ ಬಂದವರಿದ್ದರೆ ಇಷ್ಟು ಲಾಭ.

ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಬೇಕೆಂದು ಹಿಂದಿನ ಸಲವೇ ಬರೆದಿದ್ದರೆ ಅದನ್ನು ನಿಮ್ಮ ಊರಿನಲ್ಲೇ ಹಿಂದಿನ ದಿನ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ಹೋಗಿ. ರಾತ್ರಿಯಿಂದ ಉಪವಾಸವಿದ್ದು ರೈಲು ಹತ್ತಿ ಬಂದು, ಹುಬ್ಬಳ್ಳಿಯ ಪ್ರಯೋಗಾಲಯದ ಪಾಳಿ, ಆಮೇಲೆ ಡಾಕ್ಟರರ ಪಾಳಿ ಎರಡನ್ನೂ ಹಿಡಿಯುವುದು ಎಪ್ಪತ್ತು ದಾಟಿದವರಿಗೆ ಶಿಕ್ಷೆ. ಡಾಕ್ಟರರು ಹೇಳದ ಪರೀಕ್ಷೆಗಳನ್ನು ಮಾತ್ರ ಮುಂಚಿತವಾಗಿ ಮಾಡಿಸಬೇಡಿ, ದುಡ್ಡು ದಂಡ.

ವಾರ ಯಾವುದು

ಸೋಮವಾರ ಬೇಡ. ಭಾನುವಾರ ಹೊರರೋಗಿ ವಿಭಾಗಗಳು (ಓಪಿಡಿ) ಮುಚ್ಚಿದ್ದರಿಂದ ಎರಡು ದಿನದ ಜನ ಸೋಮವಾರ ಬರುತ್ತಾರೆ ಎಂಬುದು ಎಲ್ಲ ಊರಿಗೂ ಗೊತ್ತಿರುವ ಕಾರಣ. ನಮ್ಮ ಕಡೆ ಇನ್ನೊಂದಿದೆ. ಸೋಮವಾರ ಬಸವಣ್ಣನ ವಾರ, ಬಹಳ ಹಳ್ಳಿಗಳಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವಾದರೆ ಯಜಮಾನನಿಗೂ ಬಿಡುವು. ಆರು ದಿನ ಸಹಿಸಿದ ಸೊಂಟನೋವು ಅಂದು ಬಸ್ಸು ಹತ್ತುತ್ತದೆ. ಈಗ ಟ್ರ್ಯಾಕ್ಟರ್ ಬಂದಿದೆ, ಎತ್ತು ಕಡಿಮೆಯಾಗಿವೆ, ಆದರೂ ರೂಢಿ ಹೋಗಿಲ್ಲ. ನನ್ನ ಲೆಕ್ಕದಲ್ಲಿ ಬುಧವಾರ, ಗುರುವಾರ ಹಗುರ. ಮುಂಗಾರಿಯಲ್ಲಿ ಹೆಸರು ಬಿತ್ತುವ ವಾರ, ಹಿಂಗಾರಿಯಲ್ಲಿ ಜೋಳ, ಕಡಲೆ ಬಿತ್ತುವ ವಾರ ದವಾಖಾನೆಯ ಬೆಂಚುಗಳು ಅರ್ಧ ಖಾಲಿ. ತುರ್ತಿಲ್ಲದ ತಪಾಸಣೆಗೆ ಪೇಟೆಯವರು ಆ ದಿನಗಳನ್ನು ಹಿಡಿಯಬಹುದು. ಅಮಾವಾಸ್ಯೆಯಂದು ಹೊಸ ಕೆಲಸ ಶುರು ಮಾಡದವರು ಇನ್ನೂ ಇರುವುದರಿಂದ ಹೊಸ ಪೇಷಂಟ್‌ಗಳು ಅಂದು ಕಡಿಮೆ. ನಾನು ಬೇಕೆಂದೇ ಎರಡು ಅಮಾವಾಸ್ಯೆ ಹೋಗಿ ನೋಡಿದ್ದೇನೆ. ಅವ್ವ ಮೂರನೆಯದಕ್ಕೆ ಒಪ್ಪಲಿಲ್ಲ.

ಕಿಮ್ಸ್‌ಗೆ ಹೋಗುವುದಾದರೆ

ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಶುರುವಾದ ಸರಕಾರಿ ಸಂಸ್ಥೆ ಆಮೇಲೆ ಕಿಮ್ಸ್ ಆಯಿತು. ಈಗ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂಬ ಹೆಸರು ಬಂದಿದೆ. ಆಟೋದವರಿಗೆ ಕಿಮ್ಸ್ ಎಂದರೇ ಗೊತ್ತು. ರೈಲು ನಿಲ್ದಾಣದಿಂದ ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹತ್ತಿದರೆ ವಿದ್ಯಾನಗರದ ಗೇಟಿನ ಹತ್ತಿರವೇ ಇಳಿಸುತ್ತದೆ.

ಇಲ್ಲಿ ಫೋನಿನಲ್ಲಿ ನಂಬರ್ ಹಚ್ಚುವ ಮಾತಿಲ್ಲ. ಬೆಳಿಗ್ಗೆ ಚೀಟಿ ಮಾಡಿಸಬೇಕು, ಚೀಟಿಯಲ್ಲಿ ಬರೆದ ವಿಭಾಗಕ್ಕೆ ಹೋಗಬೇಕು. ಕೌಂಟರ್ ತೆರೆಯುವ ಅರ್ಧ ಗಂಟೆ ಮೊದಲೇ ಇರಿ. ಹತ್ತೂವರೆಗೆ ಬಂದವರ ಚೀಟಿ ಹನ್ನೊಂದೂವರೆಗೆ ಆಗಿ, ರಕ್ತ ಕೊಡುವಷ್ಟರಲ್ಲಿ ಆ ದಿನದ ಮಾದರಿ ತೆಗೆದುಕೊಳ್ಳುವ ಹೊತ್ತು ಮುಗಿದಿರುತ್ತದೆ. ಆಧಾರ್ ಮತ್ತು ಪಡಿತರ ಚೀಟಿಯ ಮೂಲ, ಜೆರಾಕ್ಸ್ ಎರಡೂ ಇರಲಿ. ಕೌಂಟರಿನ ಬಳಿ ಕ್ಯೂಆರ್ ಕೋಡ್ ಅಂಟಿಸಿರುವ ಆಸ್ಪತ್ರೆಗಳಲ್ಲಿ ಆಭಾ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು ತಾನೇ ಹೋಗಿ ಮೊಬೈಲಿಗೆ ಟೋಕನ್ ಬರುತ್ತದೆ. ಅದನ್ನು ತೋರಿಸಿದರೆ ಚೀಟಿ ಬೇಗ. ಆಭಾ ಎಂಬುದು 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆ, ಆಧಾರ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ಹಿಂದಿನ ರಾತ್ರಿ ಮನೆಯಲ್ಲಿ ಮಾಡಿಕೊಳ್ಳಿ. ಕೌಂಟರಿನ ಮುಂದೆ ನಿಂತು ಒಟಿಪಿ ಬರಲಿಲ್ಲ ಎಂದು ಮೊಬೈಲ್ ಮೇಲೆತ್ತಿ ಹಿಡಿಯುವವರ ಗುಂಪಿನಲ್ಲಿ ಸೇರಬೇಡಿ.

ಬೋಧನಾ ಆಸ್ಪತ್ರೆಗಳಲ್ಲಿ ಹೊರಗಿನವರಿಗೆ ತಿಳಿಯದ ಒಂದು ಪದ್ಧತಿ ಇದೆ, ಯೂನಿಟ್. ಮೆಡಿಸಿನ್, ಸರ್ಜರಿ, ಮೂಳೆ ಹೀಗೆ ದೊಡ್ಡ ವಿಭಾಗಗಳಲ್ಲಿ ಡಾಕ್ಟರರು ನಾಲ್ಕಾರು ತಂಡಗಳಾಗಿರುತ್ತಾರೆ. ಒಂದೊಂದು ತಂಡ ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಹೊರರೋಗಿಗಳನ್ನು ನೋಡುತ್ತದೆ. ನಿಮ್ಮನ್ನು ಮಂಗಳವಾರ ನೋಡಿದ ತಂಡ ಬುಧವಾರ ಆ ಕೋಣೆಯಲ್ಲಿ ಇರುವುದಿಲ್ಲ. ಬುಧವಾರ ರಿಪೋರ್ಟ್ ಹಿಡಿದು ಹೋದರೆ ಹೊಸಬರು ಮೊದಲಿನಿಂದ ಕೇಳುತ್ತಾರೆ, ಇಲ್ಲವೇ ನಿಮ್ಮ ಯೂನಿಟ್ ದಿನ ಬನ್ನಿ ಎನ್ನುತ್ತಾರೆ. ‘ಆಸ್ಪತ್ರೆಯವರು ಅಲೆದಾಡಿಸಿದರು’ ಎಂದು ನಾವು ಬೈಯುವ ಅಲೆದಾಟದಲ್ಲಿ ಒಂದು ಪಾಲು ಇದೇ. ಚೀಟಿಯ ಮೇಲೆ ಯೂನಿಟ್ ಬರೆದಿದೆಯೇ ನೋಡಿಕೊಳ್ಳಿ. ‘ಈ ಯೂನಿಟ್ಟಿನ ಓಪಿಡಿ ಯಾವ ಯಾವ ವಾರ?’ ಎಂದು ಅಲ್ಲಿಯೇ ಸಿಸ್ಟರ್ ಅವರನ್ನು ಕೇಳಿ, ಚೀಟಿಯ ಹಿಂದೆ ಬರೆದುಕೊಳ್ಳಿ.

‘ದೊಡ್ಡ ಡಾಕ್ಟರು ನೋಡಲಿಲ್ಲ, ಹುಡುಗರು ನೋಡಿದರು’ ಎಂಬ ದೂರು ಸಾಮಾನ್ಯ. ಆ ಹುಡುಗರು ಎಂಬಿಬಿಎಸ್ ಮುಗಿಸಿ ತಜ್ಞತೆಗೆ ಓದುತ್ತಿರುವವರು. ಅವ್ವನ ಸಕ್ಕರೆಯ ಬಗ್ಗೆ ಇಪ್ಪತ್ತು ನಿಮಿಷ ಕೂತು ಕೇಳಿ, ಕಾಲಿನ ಬೆರಳುಗಳ ಸಂದಿಯನ್ನೂ ಬಿಡಿಸಿ ನೋಡಿದವಳು ಅಂಥ ಒಬ್ಬ ಹುಡುಗಿಯೇ. ಖಾಸಗಿಯಲ್ಲಿ ಮೂರು ವರ್ಷದಲ್ಲಿ ಯಾರೂ ಅವ್ವನ ಚಪ್ಪಲಿ ಬಿಚ್ಚಿಸಿರಲಿಲ್ಲ. ಗಂಭೀರವೆನಿಸಿದ್ದನ್ನು ಅವರು ಪ್ರೊಫೆಸರರಿಗೆ ತೋರಿಸುತ್ತಾರೆ.

ಗೇಟಿನ ಹತ್ತಿರ ‘ಬನ್ನಿ, ಬೇಗ ತೋರಿಸಿಕೊಡುತ್ತೇನೆ’ ಎಂದು ಯಾರಾದರೂ ಬಂದರೆ, ಅದು ಯಾವ ಆಸ್ಪತ್ರೆಯ ಗೇಟೇ ಆಗಿರಲಿ, ಮುಂದೆ ನಡೆಯಿರಿ.

ಗದಗ, ಹಾವೇರಿಯವರು ಎಲ್ಲಕ್ಕೂ ಹುಬ್ಬಳ್ಳಿ ಎನ್ನುವ ಕಾಲ ಹೋಯಿತು. ಗದಗದ ಮಲ್ಲಸಮುದ್ರದಲ್ಲಿ ಜಿಮ್ಸ್ ಇದೆ, ಹಾವೇರಿಗೂ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ತಜ್ಞರ ಬಹಳಷ್ಟು ವಿಭಾಗಗಳು ಅಲ್ಲೇ ಇವೆ. ನಾವು ಗದಗಿನವರೇ ಮೂರು ವರ್ಷ ಜಿಮ್ಸ್‌ನ ಮುಂದಿನಿಂದ ಹಾದು ಹೋಗಿ ರೈಲು ಹಿಡಿದೆವು, ಈಗ ನಾಚಿಕೆಯಾಗುತ್ತದೆ. ಮನಸ್ಸಿನ ಕಾಯಿಲೆಗೆ ಧಾರವಾಡದ ಡಿಮ್ಹಾನ್ಸ್ ಇದೆ, 1845ರಿಂದ ಇರುವ ಆಸ್ಪತ್ರೆಯ ಮುಂದುವರಿಕೆ ಅದು. ಅಲ್ಲಿಗೆ ಹೋಗಲು ಅಂಜುವವರು ಮೊದಲು 14416ಕ್ಕೆ ಕರೆ ಮಾಡಬಹುದು. ಟೆಲಿ ಮಾನಸ್ ಎಂಬ ಆ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡಿಲ್ಲ.

ಹೋಗದೆಯೇ ಆಗುವಂಥದ್ದು

ಇ–ಸಂಜೀವಿನಿ ಎಂಬ ಸರಕಾರಿ ಸೇವೆಯಲ್ಲಿ ಮೊಬೈಲಿನಲ್ಲೇ ವೀಡಿಯೊ ಮೂಲಕ ಡಾಕ್ಟರರೊಂದಿಗೆ ಮಾತನಾಡಬಹುದು, ಉಚಿತ. ಮಾತು ಮುಗಿದ ಮೇಲೆ ಔಷಧದ ಚೀಟಿ ಮೊಬೈಲಿಗೇ ಬರುತ್ತದೆ. ನಡೆಯುತ್ತಿರುವ ಬಿಪಿ ಗುಳಿಗೆಯ ವಿಷಯ, ಒಂದು ರಿಪೋರ್ಟಿನ ಅರ್ಥ, ಚರ್ಮದ ಮೇಲಿನ ಗಂದೆ, ಯಾವ ತಜ್ಞರ ಬಳಿ ಹೋಗಬೇಕೆಂಬ ಸಲಹೆ ಇವಕ್ಕೆ ಚೆನ್ನಾಗಿದೆ. ಕೈಯಿಂದ ಮುಟ್ಟಿ ನೋಡಬೇಕಾದ ಗಂಟು, ಉಬ್ಬಸ, ಹೊಟ್ಟೆನೋವು ಇವಕ್ಕೆ ಸಲ್ಲದು.

ಜೇಬಿನಲ್ಲಿ ಇರಬೇಕಾದ ಚೀಟಿ

ಒಳಗೆ ಸಿಗುವುದು ನಾಲ್ಕು ನಿಮಿಷ ಎಂದೆನಲ್ಲ. ಅದರಲ್ಲಿ ನಮ್ಮವರು ಎರಡು ನಿಮಿಷ ನೋವು ಶುರುವಾದದ್ದು ಕಾರಹುಣ್ಣಿಮೆಗೋ ನಾಗರ ಪಂಚಮಿಗೋ ಎಂಬ ಚರ್ಚೆಯಲ್ಲಿ ಕಳೆಯುತ್ತಾರೆ. ಅವ್ವ ಒಂದು ಹೇಳಿದರೆ ನಾನು ಇನ್ನೊಂದು ಹೇಳಿ, ಡಾಕ್ಟರರು ಗಡಿಯಾರ ನೋಡುತ್ತಿದ್ದರು. ಈಗ ಹಿಂದಿನ ರಾತ್ರಿ ಅವ್ವನನ್ನು ಕೂರಿಸಿಕೊಂಡು ಕೇಳಿ, ನೋಟ್‌ಬುಕ್ಕಿನ ಅರ್ಧ ಹಾಳೆಯಲ್ಲಿ ಬರೆಯುತ್ತೇನೆ. ಕಳೆದ ಸಲದ್ದು ಹೀಗಿತ್ತು:

‘ವಯಸ್ಸು 71. ಬಲ ಮೊಣಕಾಲು ನೋವು, ಎಂಟು ವಾರದಿಂದ ಹೆಚ್ಚು. ಮೆಟ್ಟಿಲು ಇಳಿಯುವಾಗ ಜಾಸ್ತಿ, ಹತ್ತುವಾಗ ಕಡಿಮೆ. ಬೆಳಿಗ್ಗೆ ಎದ್ದಾಗ ಹತ್ತು ನಿಮಿಷ ಬಿಗಿತ. ಬಿದ್ದಿಲ್ಲ. ಜ್ವರ ಇಲ್ಲ. ಸಕ್ಕರೆ 12 ವರ್ಷದಿಂದ, ಗುಳಿಗೆ ಹಾಳೆ ಜೊತೆಗಿದೆ. ಅಂಗಡಿಯಿಂದ ತಂದ ನೋವಿನ ಗುಳಿಗೆ ವಾರಕ್ಕೆ ಮೂರು. ಒಂದು ಔಷಧಕ್ಕೆ ಮೈ ತುಂಬ ಗಂದೆ ಎದ್ದಿತ್ತು, ಆ ಗುಳಿಗೆಯ ಖಾಲಿ ಹಾಳೆ ತಂದಿದ್ದೇವೆ. ಕೇಳಬೇಕಾದದ್ದು: 1. ಆಪರೇಷನ್ ಈಗಲೇ ಬೇಕೇ, ಕಾಯಬಹುದೇ? 2. ನೋವಿನ ಗುಳಿಗೆ ಮೂತ್ರಪಿಂಡಕ್ಕೆ ತೊಂದರೆಯೇ?’

ಅಂಗಡಿಯ ನೋವಿನ ಗುಳಿಗೆಯ ಸಾಲನ್ನು ಬರೆಯುವುದು ಅವ್ವನಿಗೆ ಇಷ್ಟವಿರಲಿಲ್ಲ, ಡಾಕ್ಟರರು ಬೈಯುತ್ತಾರೆ ಎಂದಳು. ಆ ಸಾಲನ್ನು ಓದಿದ ಮೇಲೆಯೇ ಅವರು ಮೂತ್ರಪಿಂಡದ ಪರೀಕ್ಷೆ ಬರೆದದ್ದು. ನುಂಗುವ ಗುಳಿಗೆಗಳ ಖಾಲಿ ಹಾಳೆಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ‘ಬಿಳಿ ಗುಳಿಗೆ, ಉದ್ದಕ್ಕಿದೆ’ ಎಂಬ ವರ್ಣನೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಹೊಸದು ಮೇಲೆ ಇರಲಿ. ಎಕ್ಸ್‌ರೇ ಮರೆಯಬೇಡಿ. ಒಳಗೆ ಒಬ್ಬರೇ ಜೊತೆಗೆ ಹೋಗಿ, ಬರೆದುಕೊಳ್ಳಬಲ್ಲವರು ಹೋಗಿ.

ಹೊರಗೆ ಬಂದ ಮೇಲೆ

ಔಷಧ ಅಂಗಡಿಗೆ ಓಡುವ ಮೊದಲು ಕೌಂಟರಿಗೆ ಹೋಗಿ ಮುಂದಿನ ದಿನ ಬರೆಸಿ. ಒಂದು ತಿಂಗಳ ನಂತರ ಬನ್ನಿ ಎಂದಿದ್ದರೆ ಅಂದೇ ಬರೆಸಿದವರಿಗೆ ಐದನೆಯದೋ ಹತ್ತನೆಯದೋ ಸಿಗುತ್ತದೆ. ತಿಂಗಳು ಕಳೆದ ಮೇಲೆ ಫೋನ್ ಮಾಡಿದವರು ಮತ್ತೆ ನಲವತ್ತಕ್ಕೆ. ಗುಳಿಗೆ ಒಗ್ಗದಿದ್ದರೆ ಯಾವ ನಂಬರಿಗೆ, ಎಷ್ಟು ಹೊತ್ತಿಗೆ ಫೋನ್ ಮಾಡಬೇಕು ಎಂಬುದನ್ನೂ ಕೇಳಿಕೊಳ್ಳಿ. ಬಹಳ ಸಲ ಆ ಒಂದು ಫೋನಿನಲ್ಲೇ ಕೆಲಸ ಮುಗಿದು ಹುಬ್ಬಳ್ಳಿಯ ಒಂದು ಸುತ್ತು ಉಳಿಯುತ್ತದೆ.

ಬರಲು ಆಗದಿದ್ದರೆ ಹಿಂದಿನ ದಿನವೇ ತಿಳಿಸಿ. ಎರಡು ವರ್ಷದ ಪರಿಚಯದ ಮೇಲೆ ಒಂದು ದಿನ ಆ ರಿಜಿಸ್ಟರಿನ ಹುಡುಗಿಯನ್ನು ಕೇಳಿದ್ದೆ, ಮೊದಲ ಎಂಟು ಸಾಲು ಯಾರಿಗೆ ಎಂದು. ಎರಡು ಸಾಲು ಸಾಹೇಬರ ಬೀಗರು, ಪರಿಚಯದವರಿಗೆ, ಮೂರು ಸಾಲು ಬೇರೆ ಡಾಕ್ಟರರ ಚೀಟಿ ತಂದವರಿಗೆ, ಮೂರು ಬೆಂಚಿನ ಮೇಲೆ ಕೂರಲೂ ಆಗದೆ ಬಂದವರಿಗೆ ಎಂದಳು. ಪೂರ್ತಿ ಅನ್ಯಾಯ ಎಂದುಕೊಂಡಿದ್ದೆ, ಕಾಲು ಭಾಗ ಮಾತ್ರ ಅನ್ಯಾಯ. ಹೋದ ತಿಂಗಳು ಅವ್ವನಿಗೆ ನೆಗಡಿ ಜ್ವರವೆಂದು ನಮ್ಮ ಆರನೇ ನಂಬರನ್ನು ಹಿಂದಿನ ಸಂಜೆಯೇ ಬಿಟ್ಟುಕೊಟ್ಟೆ. ‘ಒಳ್ಳೆಯದಾಯಿತು ರೀ, ಶಿರಹಟ್ಟಿಯವರು ಒಬ್ಬರು ಮಧ್ಯಾಹ್ನದಿಂದ ಮೂರು ಸಲ ಫೋನ್ ಮಾಡಿದ್ದಾರೆ’ ಎಂದಳು. ದಾರ ಕಟ್ಟಿದ ಪೆನ್ನು ಕಾಗದದ ಮೇಲೆ ಗೀಚುವ ಸದ್ದು ಫೋನಿನಲ್ಲೇ ಕೇಳಿಸಿತು.